ಹಾಡಿನೊಡನೆ ಓಡಿದ ಕುಂಚ

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಿಂದಿಳಿದು, ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರಗಳನ್ನು ದಾಟಿ ಹೊಸೂರಿನ ಹೆದ್ದಾರಿಯಲ್ಲಿ ದಕ್ಷಿಣಾಭಿಮುಖವಾಗಿ ಸಾಗುವ ಪ್ರಯಾಣಿಕನ ಕಣ್ಣಿಗೆ ಬೀಳುವುದು ಕಾರ್ಖಾನೆಗಳ ಗೋಡೆ, ಉಗ್ರಾಣಗಳ ತಗಡಿನ ಮಾಡು, ಸರಕು ಲಾರಿಗಳ ಸಾಲು, ಪಾಳಿ ಮುಗಿಸಿ ಬಸ್ಸಿಗಾಗಿ ಕಾದುನಿಂತ ಕೆಲಸಗಾರರು, ಇಷ್ಟೆ. ಆ ದಾರಿಯ ಕೊನೆಗೆ, ರಾಜ್ಯದ ಗಡಿಯನ್ನು ಮುಟ್ಟಿದಂತಿರುವ ಅತ್ತಿಬೆಲೆಯ ಆಸುಪಾಸಿನ ಹಳ್ಳಿಯೊಂದರಿಂದ, ಕವಿಯ ಪದ್ಯವನ್ನೂ ಗಾಯಕನ ರಾಗವನ್ನೂ ಕೇಳಿದ ಹೊತ್ತಿನಲ್ಲಿಯೇ ಅವನ್ನು ಬಣ್ಣಕ್ಕಿಳಿಸಬಲ್ಲ ಚಿತ್ರಕಾರರೊಬ್ಬರು ಬಂದರೆಂಬುದನ್ನು ಅವನಿಗೆ ತಿಳಿಸುವ ಗುರುತು ಆ ಹಾದಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಿ.ಕೆ.ಎಸ್. ವರ್ಮ ಎಂದು ನಾಡೆಲ್ಲ ಬಲ್ಲ ಆ ಕಲಾವಿದರ ಮೊದಲಿನ ಹೆಸರು ಶ್ರೀನಿವಾಸ. 1949ರ ಸೆಪ್ಟೆಂಬರ್ 5ರಂದು, ಅತ್ತಿಬೆಲೆಯ ಬಳಿಯ ಕರ್ನೂರಿನಲ್ಲಿ ಜನನ. ತಂದೆ ಕೃಷ್ಣಮಾಚಾರ್ಯರು ಸಂಗೀತಗಾರರು. ತಾಯಿ ಜಯಲಕ್ಷ್ಮಿಯವರು ಚಿತ್ರಕಲಾವಿದೆ. ಒಂದೇ ಸೂರಿನಡಿ ನಾದವೂ ವರ್ಣವೂ ಹೀಗೆ ಜೊತೆಯಾಗಿದ್ದ ಮನೆಯಲ್ಲಿ ಬೆಳೆದ ಬಾಲಕನಿಗೆ, ಹಾಡು ಬೇರೆ ಚಿತ್ರ ಬೇರೆ ಎಂಬ ಭೇದಬುದ್ಧಿಯೇ ಹುಟ್ಟದಿದ್ದರೆ ಅದರಲ್ಲಿ ಆಶ್ಚರ್ಯವೇನು? ರಾಜಾ ರವಿವರ್ಮನ ಚಿತ್ರಗಳಿಗೆ ಎಳವೆಯಲ್ಲಿಯೇ ಮರುಳಾಗಿ ಅವನ ಹೆಸರಿನ ತುಣುಕೊಂದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಅವರು, ಬೆಂಗಳೂರಿಗೆ ಬಂದು ಅ.ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ್ದ ಕಲಾಮಂದಿರದಲ್ಲಿ ಅಭ್ಯಾಸಮಾಡಿದರು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ತೊಡಗಿದ ಎಪ್ಪತ್ತರ ದಶಕದ ಕೊನೆಯ ವೇಳೆಗೆ ವರ್ಮರಿಗೆ ಮೂವತ್ತು ತುಂಬುತ್ತಲಿತ್ತು. ಹುಟ್ಟಿದ ಸೀಮೆಯ ಹೊಲಗಳು ಕಾರ್ಖಾನೆಗಳಾಗಿ ಮಾರ್ಪಟ್ಟ ತಲೆಮಾರು ಅವರದು. ಪರಿಸರದ ನಾಶವನ್ನು ಕುರಿತು ಅವರು ಮತ್ತೆ ಮತ್ತೆ ಚಿತ್ರಿಸಿದುದನ್ನು ನೋಡುವಾಗಲೆಲ್ಲ ನನಗೆ ಆ ಹೆದ್ದಾರಿ ನೆನಪಾಗುತ್ತದೆ.

ವರ್ಮರು ಸಭೆಯಲ್ಲಿ ಚಿತ್ರ ಬರೆದುದನ್ನು ಕಂಡವರು ಅದನ್ನು ಮರೆಯಲಾರರು. ವೇದಿಕೆಯ ಒಂದು ಮಗ್ಗುಲಲ್ಲಿ ಗಾಯಕರು. ಇನ್ನೊಂದು ಮಗ್ಗುಲಲ್ಲಿ ಆಳೆತ್ತರದ ಬಿಳಿಯ ಹಾಳೆ. ಹಾಡಿನ ಪಲ್ಲವಿ ಎದ್ದೊಡನೆ ಕೈಯೂ ಏಳುವುದು. ಮೊದಮೊದಲು ಕಾಣುವುದು ಬರಿಯ ಬಣ್ಣದ ಒರಸು: ಇಲ್ಲೊಂದು ನೀಲಿ, ಅಲ್ಲೊಂದು ಕಂದು, ನಡುವೆ ಅರ್ಥವಿಲ್ಲದೆ ಹರಿದಂತಿರುವ ಗೆರೆ. ಮೋಡವೋ, ಬೆಟ್ಟವೋ, ಯಾರದಾದರೂ ಜಡೆಯೋ ಎಂದು ಸಭಿಕರು ಒಳಗೊಳಗೇ ಊಹಿಸುತ್ತಿರುವಾಗ, ಚರಣದಿಂದ ಚರಣಕ್ಕೆ ಆ ಒರಸುಗಳು ಒಂದಕ್ಕೊಂದು ಕೈನೀಡಿ, ಹಾಡು ಮುಗಿಯುವ ಹೊತ್ತಿಗೆ ಸರಿಯಾಗಿ, ಕಣ್ಣಿನ ಕರಿಗುಡ್ಡೆಗೋ ತುಟಿಯಂಚಿಗೋ ಇಟ್ಟ ಕೊನೆಯ ಒಂದು ಚುಕ್ಕೆಯಿಂದ ಇಡಿಯ ರೂಪವು ಥಟ್ಟನೆ ಎದುರು ನಿಲ್ಲುವುದು. ಕೆಲವೇ ನಿಮಿಷಗಳ ಕೆಲಸ. ಅದರ ಹಿಂದಿರುವುದು ದಶಕಗಳ ಸಾಧನೆ. ತಾಳಕ್ಕೆ ಹಿಂದುಳಿಯುವಂತಿಲ್ಲ, ಮುಂದೋಡುವಂತೆಯೂ ಇಲ್ಲ. ತಪ್ಪಿದ ಗೆರೆಯನ್ನು ಅಳಿಸಲು ಬಿಡುವಿಲ್ಲದುದರಿಂದ ಆ ತಪ್ಪನ್ನೇ ಚಿತ್ರದ ಅಂಗವಾಗಿಸಿಕೊಳ್ಳಬೇಕು. ರಾಗವನ್ನು ವಿಸ್ತರಿಸುವ ಗಾಯಕನೂ ಇದನ್ನೇ ಅಲ್ಲವೆ ಮಾಡುವುದು?

ಶತಾವಧಾನಿ ಡಾ. ಆರ್. ಗಣೇಶರೊಡನೆ ವರ್ಮರು ನಡೆಸಿಕೊಟ್ಟ ‘ಕಾವ್ಯಚಿತ್ರ’ ಕಾರ್ಯಕ್ರಮಗಳಾದರೋ ಇನ್ನೂ ಕಠಿನವಾದ ಪಂಥ. ಅಲ್ಲಿ ಕವಿತೆಯೂ ಆಶು, ಚಿತ್ರವೂ ಆಶು. ಪದ್ಯವನ್ನು ಮನೆಯಲ್ಲಿ ಓದಿಕೊಂಡು, ಪೆನ್ಸಿಲಿನಲ್ಲಿ ಹತ್ತು ಬಾರಿ ಗೀಚಿ ಹರಿದೆಸೆದು, ಹನ್ನೊಂದನೆಯದನ್ನು ಮುದ್ರಣಕ್ಕೆ ಕಳುಹಿಸುವ ಸೌಕರ್ಯವು ಪುಸ್ತಕದ ಚಿತ್ರಕಾರನಿಗುಂಟು, ಇಲ್ಲಿ ಅದಿಲ್ಲ. ಆದರೂ ಎರಡೂ ಕಡೆಗಳಲ್ಲಿ ಮೂಲವಾದ ಕೆಲಸ ಒಂದೇ ಎಂದು ನಾನು ಭಾವಿಸುತ್ತೇನೆ: ಕವಿ ಹೇಳಿದುದನ್ನೆಲ್ಲ ಮರಳಿ ಬರೆದರೆ ಚಿತ್ರವು ಪದ್ಯದ ನಕಲಾಗುವುದು, ಕವಿ ಹೇಳದೆ ಬಿಟ್ಟ ಒಂದು ಎಡೆಯನ್ನು, ಬಾಗಿಲ ಹಿಂದಿನ ನೆರಳನ್ನೋ ಕೈಬಳೆಯ ಒಂದು ಒಡಕನ್ನೋ, ಹಿಡಿದು ತೋರಿಸಿದರೆ ಅದು ಪದ್ಯಕ್ಕೆ ಜೊತೆಗಾರನಾಗುವುದು. ಈ ಎಡೆಯನ್ನು ಕಾಣಬೇಕಾದರೆ ಚಿತ್ರಕಾರನು ಮೊದಲು ಒಳ್ಳೆಯ ಓದುಗನಾಗಿರಬೇಕು, ಒಳ್ಳೆಯ ಕೇಳುಗನಾಗಿರಬೇಕು.

ಅನ್ಯರ ಕೃತಿಗೆ ಚಿತ್ರ ಬರೆಯುವುದು ಎರಡನೆಯ ದರ್ಜೆಯ ಕಲೆ ಎಂಬ ಅಭಿಪ್ರಾಯ ನಮ್ಮಲ್ಲಿ ಕೆಲವರಿಗುಂಟು. ಇತಿಹಾಸವು ಅದನ್ನು ಒಪ್ಪುವುದಿಲ್ಲ. ವರ್ಮರು ಯಾರ ಹೆಸರನ್ನು ಹೊತ್ತರೋ ಆ ರವಿವರ್ಮನೇ ಪುರಾಣಗಳ ಚಿತ್ರಕಾರ. 1894ರಲ್ಲಿ ಅವನು ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀಸರಸ್ವತಿಯರು ಭಾರತದ ಮನೆಮನೆಯ ಗೋಡೆಯನ್ನೇರಿದರು. ಆ ಮುದ್ರಣಾಲಯದಲ್ಲಿ ದುಡಿದವರೊಬ್ಬರು ದಾದಾಸಾಹೇಬ ಫಾಲ್ಕೆ. 1913ರಲ್ಲಿ ಅವರು ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದಾಗ, ಅಚ್ಚಿನ ಕಲ್ಲಿನ ಮೇಲೆ ಪಳಗಿದ ಕಣ್ಣೇ ಕ್ಯಾಮರಾದ ಹಿಂದೆಯೂ ಇತ್ತು. ನಮ್ಮ ನಾಡಿನಲ್ಲಿಯೂ ಹಾಗೆಯೇ: 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶಕರಾಗಿದ್ದವರು ಮೈಸೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಕಲಿತ ವರ್ಣಚಿತ್ರಕಾರ ಎಸ್.ಜಿ. ವಾಸುದೇವ್.

ಪುಸ್ತಕ, ಸಂಗೀತ, ಚಲನಚಿತ್ರ ಮೂರೂ ಒಂದೆಡೆ ಕೂಡಿದುದಕ್ಕೆ ಮೈಸೂರಿನವರೇ ಆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಅವರು ಬರೆದ ಚಿತ್ರಗಳನ್ನೂ, ನಮ್ಮ ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಬರೆದ ಚಿತ್ರಗಳನ್ನೂ ಕಂಡಿದ್ದ ಹಿರಿಯರು, 1986ರಲ್ಲಿ, ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಹಳೆಯ ಗೆಳೆಯನನ್ನು ಮರಳಿ ಕಂಡಂತೆ ಹಿಗ್ಗಿದರು. ಎಲ್. ವೈದ್ಯನಾಥನ್ ಅವರ ಸಂಗೀತದಲ್ಲಿ, ಮಾತೇ ಇಲ್ಲದ ಆ ಗುನುಗಿನ ಹಾಡು ಕೇಳಿಬರುತ್ತಿದ್ದಂತೆ ತೆರೆಯ ಮೇಲೆ ಲಕ್ಷ್ಮಣರ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದುವು. ಕಥೆ ಇನ್ನೂ ಆರಂಭವೇ ಆಗಿಲ್ಲ; ಆದರೆ ಊರು ಆಗಲೇ ನಮ್ಮದಾಗಿದೆ. ನಾಲ್ಕು ಗೆರೆಗಳಿಗೂ ಒಂದು ಗುನುಗಿಗೂ ಅಷ್ಟು ಸಾಮರ್ಥ್ಯವಿತ್ತು.

2023ರ ಫೆಬ್ರವರಿ 6ರಂದು ವರ್ಮರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಎಷ್ಟೋ ಚಿತ್ರಗಳು ಸಭೆಯ ಕಣ್ಣೆದುರಿಗೇ ಹುಟ್ಟಿದವು. ಆ ಹುಟ್ಟಿನ ನಿಮಿಷಗಳನ್ನು ಕಂಡ ಸಭಿಕರ ನೆನಪೇ ಅವುಗಳಿಗೆ ಉಳಿದಿರುವ ದೊಡ್ಡ ಭಂಡಾರ.

ಪೀಣ್ಯದಿಂದ ವೈಟ್‌ಫೀಲ್ಡಿನವರೆಗೆ, ಅಲ್ಲಿಂದ ಬೊಮ್ಮಸಂದ್ರದವರೆಗೆ, ನವೆಂಬರ್ ಬಂದೊಡನೆ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಕನ್ನಡ ಬಾವುಟ ಏರುವುದು, ರಾಜ್ಯೋತ್ಸವದ ವೇದಿಕೆ ಸಿದ್ಧವಾಗುವುದು, ಭಾವಗೀತೆಗಳನ್ನು ಹಾಡುವವರನ್ನು ಕರೆಸುವುದು ವಾಡಿಕೆ. ಅಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ. ಈ ಬಾರಿ ಗಾಯಕರ ಪಕ್ಕದಲ್ಲಿ ಒಂದು ಬಿಳಿಯ ಹಾಳೆಯನ್ನೂ ನಿಲ್ಲಿಸಿ, ನಿಮ್ಮೂರಿನ ಚಿತ್ರಕಲಾ ಶಿಕ್ಷಕರನ್ನೋ ಯಂತ್ರದ ಮುಂದೆ ನಿಂತು ಬಿಡುವಿನಲ್ಲಿ ಗೆರೆಯೆಳೆಯುವ ಸಹೋದ್ಯೋಗಿಯನ್ನೋ ಕರೆದು ಕೈಗೆ ಕುಂಚವನ್ನು ಕೊಡಿರಿ. ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅವರ ಹೆಸರನ್ನೂ ಅಚ್ಚುಹಾಕಿಸಿರಿ.