ಆಟಗಾರನ ಗುರುತು ಹಿಡಿಯುವ ದಾಳ

ಪುಸ್ತಕವನ್ನು ಥಟ್ಟನೆ ತೆರೆದು, ಪುಟಸಂಖ್ಯೆಯ ಕೊನೆಯ ಅಂಕೆಯನ್ನೇ ರನ್ ಎಂದು ಬರೆದುಕೊಳ್ಳುವ ‘ಬುಕ್ ಕ್ರಿಕೆಟ್’ ಓದುಗರಲ್ಲಿ ಹಲವರಿಗೆ ನೆನಪಿದ್ದೀತು. ಆ ಆಟಕ್ಕೆ ಒಂದು ಕೊರತೆಯಿತ್ತು. ಅದರಲ್ಲಿ ಗಾವಸ್ಕರ್ ಆಡಿದರೂ ಒಂದೇ, ಚಂದ್ರಶೇಖರ್ ಆಡಿದರೂ ಒಂದೇ. ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ ಕಿತ್ತು, ಗಳಿಸಿದ್ದು ಮಾತ್ರ 167 ರನ್ ಎಂಬ ನಮ್ಮ ಚಂದ್ರ, ಪುಸ್ತಕದಲ್ಲಿ ಸಲೀಸಾಗಿ ಶತಕ ಬಾರಿಸಬಹುದಿತ್ತು. ಆಡುತ್ತಿರುವವರು ಯಾರೆಂಬುದು ಪುಟಕ್ಕೆ ಗೊತ್ತಿರಲಿಲ್ಲ.

ಅಮೆರಿಕದ ಬೇಸ್‌ಬಾಲ್ ಪ್ರಿಯರು ಈ ಕೊರತೆಗೆ ಪರಿಹಾರ ಕಂಡುಕೊಂಡರು. ಅಲ್ಲಿಯ ಪತ್ರಿಕೆಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಪ್ರತಿ ಪಂದ್ಯದ ಅಂಕಿಅಂಶಗಳ ಪಟ್ಟಿಯನ್ನು ತಪ್ಪದೆ ಅಚ್ಚು ಹಾಕುತ್ತ ಬಂದಿವೆ. ಚೆಂಡೆಸೆಯುವ ಪಿಚರ್ ಮತ್ತು ಹೊಡೆಯುವ ಬ್ಯಾಟರ್ ನಡುವಿನ ಸೆಣಸಾಟವೇ ಆಟದ ತಿರುಳಾದ್ದರಿಂದ, ಯಾರು ಎಷ್ಟು ಸಲ ಗೆದ್ದರೆಂದು ಲೆಕ್ಕ ಹಾಕುವುದೂ ಸುಲಭ. ಈ ಲೆಕ್ಕವನ್ನೇ ನಂಬಿ 1951ರಲ್ಲಿ ಪೆನ್ಸಿಲ್ವೇನಿಯದ ರಿಚರ್ಡ್ ಸೈಟ್ಸ್ ‘ಆಪ್ಬ’ ಎಂಬ ದಾಳದಾಟವನ್ನು ಮಾರುಕಟ್ಟೆಗೆ ತಂದರು. 1961ರಲ್ಲಿ ನ್ಯೂಯಾರ್ಕ್ ಸೀಮೆಯ ಹ್ಯಾಲ್ ರಿಚ್‌ಮನ್, ಹುಡುಗನಾಗಿದ್ದಾಗಿನಿಂದ ತಿದ್ದಿ ತೀಡುತ್ತ ಬಂದಿದ್ದ ‘ಸ್ಟ್ರಾಟ್-ಒ-ಮ್ಯಾಟಿಕ್’ ಆಟವನ್ನು ಹೊರತಂದರು.

ರಿಚ್‌ಮನ್ನರ ಉಪಾಯ ಸರಳವಾದದ್ದು. ಪ್ರತಿ ಆಟಗಾರನಿಗೂ ಒಂದು ಕಾರ್ಡು, ಆಡಲು ಮೂರು ದಾಳ. ಮೊದಲ ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟರನ ಕಾರ್ಡು ನೋಡಬೇಕು. 4ರಿಂದ 6 ಬಿದ್ದರೆ ಪಿಚರನದು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಯಾವ ಸಾಲನ್ನು ಓದಬೇಕೆಂದು ಹೇಳುತ್ತದೆ. ಎರಡು ದಾಳಗಳು 36 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಮೊತ್ತ 7 ಬರುವುದು 6 ಬಗೆಯಲ್ಲಿ. 12 ಬರುವುದು ಒಂದೇ ಬಗೆಯಲ್ಲಿ. ಆದ್ದರಿಂದ ಬಲಶಾಲಿ ಹೊಡೆತಗಾರನ ಹೋಮ್ ರನ್ನನ್ನು 7ರ ಆಸುಪಾಸಿನಲ್ಲಿಟ್ಟು, ದುರ್ಬಲನದನ್ನು 12ಕ್ಕೆ ತಳ್ಳಿದರಾಯಿತು. ಒಂದು ಎಸೆತದಲ್ಲಿ ಏನಾದೀತೆಂದು ಯಾರೂ ಹೇಳಲಾರರು. ಆದರೆ ಇಡೀ ಋತುವಿನ ಪಂದ್ಯಗಳನ್ನು ಆಡಿ ಮುಗಿಸಿದರೆ ಆಟಗಾರನ ಸಾಧನೆ ಸುಮಾರಾಗಿ ಅವನ ನಿಜವಾದ ಅಂಕಿಗಳ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಕಂಪ್ಯೂಟರ್ ಬಂದಾಗ ಬದಲಾದದ್ದು ದಾಳ ಮಾತ್ರ. 1960-61ರಲ್ಲೇ ಜಾನ್ ಬರ್ಗೆಸನ್ ಐಬಿಎಂ 1620 ಯಂತ್ರದಲ್ಲಿ ಬೇಸ್‌ಬಾಲ್ ಆಡಿಸಿದ್ದರು. 1971ರಲ್ಲಿ ಕ್ಯಾಲಿಫೋರ್ನಿಯದ ಪೊಮೋನ ಕಾಲೇಜಿನ ವಿದ್ಯಾರ್ಥಿ ಡಾನ್ ಡ್ಯಾಗ್ಲೋ ಬರೆದ ಆಟದಲ್ಲಿ ಚಿತ್ರವೇ ಇರಲಿಲ್ಲ. ಏನಾಯಿತೆಂಬುದು ಅಕ್ಷರಗಳಲ್ಲಿ ಮೂಡುತ್ತಿತ್ತು. ಅದೇ ಡ್ಯಾಗ್ಲೋ 1987ರಲ್ಲಿ ಎಡ್ಡಿ ಡಾಂಬ್ರವರ್ ಜೊತೆಗೂಡಿ ‘ಅರ್ಲ್ ವೀವರ್ ಬೇಸ್‌ಬಾಲ್’ ರೂಪಿಸಿದರು. ವೀವರ್ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಖ್ಯಾತ ವ್ಯವಸ್ಥಾಪಕ. ಯಾವ ಪಿಚರ್ ಎದುರು ಯಾರು ಚೆನ್ನಾಗಿ ಆಡಿದ್ದಾರೆಂದು ಕಾರ್ಡುಗಳಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಿದ್ದ ಮನುಷ್ಯ. ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಅವರ ಯೋಚನಾಕ್ರಮವನ್ನೇ ಯಂತ್ರಕ್ಕೆ ಕಲಿಸಲಾಯಿತು.

ನಿಜವಾದ ಆಟ ನಿಂತಾಗ ಈ ಲೆಕ್ಕದ ಆಟ ಅದರ ಜಾಗದಲ್ಲಿ ನಿಂತದ್ದೂ ಉಂಟು. 1981ರಲ್ಲಿ ಆಟಗಾರರ ಮುಷ್ಕರದಿಂದ ಆಲ್ ಸ್ಟಾರ್ ಪಂದ್ಯ ಮುಂದಕ್ಕೆ ಹೋದಾಗ, ಅದಕ್ಕೆ ಗೊತ್ತಾಗಿದ್ದ ಜುಲೈ 14ರಂದು ಕ್ಲೀವ್‌ಲ್ಯಾಂಡ್ ಕ್ರೀಡಾಂಗಣದಲ್ಲೇ ದಾಳ ಉರುಳಿಸಿ ಆ ಪಂದ್ಯ ಆಡಿದರು.

ಆದರೆ ದಾಳಕ್ಕೂ ಒಂದು ಮಿತಿಯಿದೆ. ಲೆಕ್ಕ ಬರೆದಿಡದವರಿಗೆ ಕಾರ್ಡು ಮಾಡುವುದು ಹೇಗೆ? 1947ರ ಏಪ್ರಿಲ್‌ನಲ್ಲಿ ಜ್ಯಾಕಿ ರಾಬಿನ್ಸನ್ ಮೈದಾನಕ್ಕೆ ಇಳಿಯುವವರೆಗೆ, ದಶಕಗಳ ಕಾಲ ಮೇಜರ್ ಲೀಗ್ ಕರಿಯರಿಗೆ ಬಾಗಿಲು ಹಾಕಿತ್ತು. ಅವರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಆ ಲೀಗ್‌ಗಳ ಮಹಾನ್ ಹೊಡೆತಗಾರ ಜಾಷ್ ಗಿಬ್ಸನ್ 35ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಅದೇ ವರ್ಷದ ಜನವರಿಯಲ್ಲಿ, ಆ ಬಾಗಿಲು ತೆರೆಯಲು ಮೂರು ತಿಂಗಳೂ ಉಳಿದಿರದಾಗ. ಅವರ ಪಂದ್ಯಗಳ ವಿವರ ಹಳೆಯ ಪತ್ರಿಕೆಗಳಲ್ಲಿ ಚದುರಿಹೋಗಿತ್ತು.

ಸ್ಕಾಟ್ ಸಿಮ್ಕಸ್ ಅವರಂಥ ಸಂಶೋಧಕರು ಆ ಪತ್ರಿಕೆಗಳನ್ನು ತಡಕಿ ಅಂಕಿಗಳನ್ನು ಕೂಡಿಸಿದರು. ಅದರ ಫಲವಾಗಿ 2009ರಲ್ಲಿ ಸ್ಟ್ರಾಟ್-ಒ-ಮ್ಯಾಟಿಕ್ ನೀಗ್ರೋ ಲೀಗ್ ತಾರೆಯರ ಕಾರ್ಡುಗಳನ್ನು ಹೊರತಂದಿತು. ಅಧಿಕೃತ ಪಂದ್ಯದಲ್ಲಿ ಎಂದೂ ಎದುರಾಗದ ಸ್ಯಾಚೆಲ್ ಪೇಜ್ ಮತ್ತು ಬೇಬ್ ರೂತ್ ಹೀಗೆ ಮೇಜಿನ ಮೇಲೆ ಮುಖಾಮುಖಿಯಾದರು.

ಮೇಜರ್ ಲೀಗ್ ಆ ಅಂಕಿಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡದ್ದು 2024ರಲ್ಲಿ. ಸಾವಿರ ಅವಕಾಶಕ್ಕೆ 367 ಹಿಟ್ ಎಂಬ ಟೈ ಕಾಬ್ ಅವರ ಸರಾಸರಿ ಅಲ್ಲಿಯವರೆಗೆ ಮೇಜರ್ ಲೀಗಿನ ಅತ್ಯುನ್ನತ ಸಾಧನೆಯಾಗಿತ್ತು. ಗಿಬ್ಸನ್ನರ ಸರಾಸರಿ 372. ಆ ಮಾತನ್ನು ಅಧಿಕೃತ ಪುಸ್ತಕ ಒಪ್ಪುವ ಹದಿನೈದು ವರ್ಷಗಳ ಮೊದಲೇ, ಅಡುಗೆಮನೆಯ ಮೇಜುಗಳ ಮೇಲೆ ಗಿಬ್ಸನ್ ದೊಡ್ಡ ಲೀಗಿನವರೊಡನೆ ಸರಿಸಮನಾಗಿ ಆಡುತ್ತಿದ್ದರು.