ನಿಮಗಿದು ಗೊತ್ತೇ? ಮೇಜಿನ ವಯಸ್ಸು ತಿಳಿಯಲು ಅದರಡಿಗೆ ತೂರಬೇಕು

ಹಳೆ ಮೇಜು ಕೊಳ್ಳಲು ಹೋದವರೆಲ್ಲ ಮೊದಲು ಸವರಿ ನೋಡುವುದು ಮೇಲಿನ ಹಲಗೆಯನ್ನು. ವ್ಯಾಪಾರಿಗೂ ಅದು ಗೊತ್ತು, ಹಾಗಾಗಿ ಪಾಲಿಶ್ ಎಲ್ಲ ಅಲ್ಲಿಗೇ. ಅಡಿಭಾಗಕ್ಕೆ ಯಾರೂ ಅಷ್ಟು ಶ್ರಮ ಹಾಕುವುದಿಲ್ಲ. ಒಂದು ಟಾರ್ಚ್, ಒಂದು ಅಳತೆ ಟೇಪು ಹಿಡಿದು ಮೇಜಿನಡಿ ಕುಳಿತರೆ ತಿಳಿಯಬೇಕಾದ ಮುಕ್ಕಾಲು ಸಂಗತಿ ಅಲ್ಲೇ ಸಿಗುತ್ತದೆ.

ಚಿಕ್ಕಮಗಳೂರು ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1830ರ ಆಸುಪಾಸಿನಲ್ಲಿ, ಥಾಮಸ್ ಕ್ಯಾನನ್ ಎಂಬಾತನಿಂದ. ಬಾಬಾ ಬುಡನ್ ತಂದ ಕಾಫಿ ಅದಕ್ಕೂ ಶತಮಾನಕ್ಕಿಂತ ಹಿಂದಿನದು, ಆದರೆ ದೊರೆಗಳ ಬಂಗಲೆ, ಬಂಗಲೆಯೊಳಗಿನ ಮೇಜು ಕುರ್ಚಿಗಳ ಕಥೆ ಕ್ಯಾನನ್ ಬಂದ ಮೇಲಿನದು. ಯಾರಾದರೂ ‘ಇದು ಮೂಡಿಗೆರೆ ಎಸ್ಟೇಟ್ ಬಂಗಲೆಯದು, ಇನ್ನೂರೈವತ್ತು ವರ್ಷ ಹಳೆಯದು’ ಎಂದರೆ ಲೆಕ್ಕವೇ ಕೂಡುವುದಿಲ್ಲ.

ಕಡೂರಿಗೆ ರೈಲು ಬಂದದ್ದು 19ನೇ ಶತಮಾನದ ಕೊನೆಗೆ, ಚಿಕ್ಕಮಗಳೂರು ಪೇಟೆಗೆ 2013ರಲ್ಲಿ. ಅಲ್ಲಿಯವರೆಗೆ ಬೆಟ್ಟ ಹತ್ತಿದ ಭಾರವೆಲ್ಲ ಎತ್ತಿನ ಗಾಡಿಯ ಮೇಲೆ, ತಲೆಯ ಮೇಲೆ, ಆಮೇಲೆ ಲಾರಿಯ ಮೇಲೆ. ಕಾಲುಗಳನ್ನು ತಿರುಗಿಸಿ ಬಿಚ್ಚುವಂಥ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಬಡಿದ ಮಡಚು ಮೇಜುಗಳು ಬ್ರಿಟಿಷ್ ಸೈನ್ಯಕ್ಕೆಂದು ತಯಾರಾಗುತ್ತಿದ್ದವು. ಹಾದಿ ಕಷ್ಟವಿದ್ದ ಕಡೆಗೆಲ್ಲ ಅವು ಅನುಕೂಲ. ಕಾಲಿನ ತುದಿಯಲ್ಲಿ ಮರದ ತಿರುಪು ಕಂಡರೆ ಜೋಪಾನವಾಗಿ ನೋಡಿ, ಅದು ಒಳ್ಳೆಯ ಮಾಲು.

ಉಳಿದದ್ದನ್ನು ಮಾದರಿ ತೋರಿಸಿ ಇಲ್ಲಿನ ಆಚಾರಿಗಳಿಂದಲೇ ಮಾಡಿಸುವುದು ವಾಡಿಕೆಯಾಗಿತ್ತು. ವಿನ್ಯಾಸ ಇಂಗ್ಲೆಂಡಿನದು, ಮರ ಮಲೆನಾಡಿನದು, ಕೈ ನಮ್ಮವರದು. ಅಂಥ ಮೇಜಿನ ಮೇಲೆ ತಯಾರಕರ ಹೆಸರಿರುವುದಿಲ್ಲ. ಹೆಸರಿಲ್ಲವೆಂದು ಅದರ ಬೆಲೆ ಇಳಿಸುವವರ ಮಾತಿಗೆ ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನಿಂದ ಹಡಗೇರಿ ಬಂದ ಓಕ್ ಮೇಜಿಗಿಂತ ನಮ್ಮ ಆಚಾರಿ ಕೊರೆದ ಬೀಟೆ ಮೇಜು ಈ ನೆಲದ ಚರಿತ್ರೆಯನ್ನು ಹೆಚ್ಚು ಹೇಳುತ್ತದೆ.

‘ಕಳಸದ ಹಳೆ ಮನೆತನದ ಊಟದ ಮೇಜು, ಇನ್ನೂರು ವರ್ಷದ್ದು.’ ಹೀಗೆಂದರೂ ಅನುಮಾನ ಪಡಿ. ಆ ಕಾಲದ ತೊಟ್ಟಿ ಮನೆಗಳಲ್ಲಿ ಊಟ ನೆಲದ ಮೇಲೆ, ಮಣೆ ಹಾಕಿ, ಬಾಳೆ ಎಲೆಯಲ್ಲಿ. ಬರೆಯುವುದೂ ನೆಲದ ಮೇಲೆ ಕುಳಿತೇ. ಶಾನುಭೋಗರ, ಅಂಗಡಿಕಾರರ ಮುಂದಿರುತ್ತಿದ್ದದ್ದು ಮುಚ್ಚಳ ಇಳಿಜಾರಾಗಿರುವ, ಒಳಗೆ ಲೆಕ್ಕದ ಪುಸ್ತಕ ಇಡುವ ಗಿಡ್ಡ ಡೆಸ್ಕು. ನಿಜಕ್ಕೂ ಹಳೆಯದು ಬೇಕೆಂದರೆ ಇಂಥ ಡೆಸ್ಕನ್ನು ಹುಡುಕಿ. ಕೇಳುವವರು ಕಡಿಮೆ, ಸಾಗಿಸುವುದೂ ಸುಲಭ.

ಮಾರುಕಟ್ಟೆಯಲ್ಲಿ ‘ಆ್ಯಂಟಿಕ್’ ಎನ್ನಿಸಿಕೊಂಡ ಮೇಜುಗಳಲ್ಲಿ ಹಳೆಯ ಬಾಗಿಲು, ಕಿಟಕಿ ಚೌಕಟ್ಟು, ಪತ್ತಾಯದ ಹಲಗೆಗಳಿಂದ ಹೊಸದಾಗಿ ಮಾಡಿದವೂ ಬೇಕಾದಷ್ಟಿವೆ. ಗುರುತು ಸುಲಭ. ಮೇಜಿಗೆ ಸಂಬಂಧವೇ ಇಲ್ಲದ ಕಡೆ ಕೀಲಿನ ತೂತು, ಅಗಳಿಯ ಗುಳಿ, ತಿರುಗಣಿಯ ಸವೆತ, ಮರದ ತುಂಡಿನಿಂದ ಮುಚ್ಚಿದ ಚೌಕ ಕಾಣುತ್ತದೆ. ಮರ ಹಳೆಯದು, ಮೇಜು ಹೊಸದು. ಕೊಳ್ಳಬಾರದೆಂದಲ್ಲ, ಹೊಸ ಮೇಜಿನ ಬೆಲೆಗೆ ಕೊಳ್ಳಿ.

ಗರಗಸದ ಗೀರು ನೋಡಿ. ಹಿಂದೆ ದಿಮ್ಮಿ ಸೀಳುವಾಗ ಒಬ್ಬ ಮೇಲೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಆ ಗೀರುಗಳು ನೇರ, ಆದರೆ ಒಂದಕ್ಕೊಂದು ಸಮವಲ್ಲ. ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಅದು ಮಿಲ್ಲಿನ ದುಂಡು ಗರಗಸದ ಕೆಲಸ.

ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಮೂಲೆಯಲ್ಲಿ ತುದಿ ಅಗಲ, ಬುಡ ಸಣ್ಣ ಇರುವ ಹಲ್ಲುಗಳು ಒಂದರೊಳಗೊಂದು ಕೂತಿರುತ್ತವೆ. ಒಂದು ಹಲ್ಲು ದಪ್ಪ, ಒಂದು ತೆಳು ಇದ್ದರೆ ಕೈಕೆಲಸ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಯಂತ್ರದ್ದು. ಡ್ರಾಯರಿನ ತಳ ಪ್ಲೈವುಡ್ ಆಗಿದ್ದರೆ, ಒಂದೋ ಮೇಜು ಹೊಸದು, ಇಲ್ಲವೇ ತಳ ಬದಲಾಗಿದೆ.

ಇನ್ನು ತಿರುಪು ಮೊಳೆ. 1840ರ ದಶಕದವರೆಗೆ ಮರಕ್ಕೆ ಹಾಕುವ ತಿರುಪು ಮೊಳೆಗಳ ತುದಿ ಮೊಂಡಾಗಿರುತ್ತಿತ್ತು, ಚೂಪು ತುದಿ ಚಾಲ್ತಿಗೆ ಬಂದದ್ದು ಆಮೇಲೆ. ತಲೆಯ ಮೇಲೆ ಕೂಡು ಚಿಹ್ನೆಯ ಫಿಲಿಪ್ಸ್ ತಿರುಪಿಗೆ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ವಿಕ್ಟೋರಿಯಾ ರಾಣಿ ಕಾಲದ್ದೆಂದು ಹೇಳುವ ಮೇಜಿನಲ್ಲಿ ಎಲ್ಲ ತಿರುಪುಗಳೂ ಫಿಲಿಪ್ಸ್ ಆಗಿದ್ದು, ಬೇರೆ ಹಳೆಯ ತೂತೇ ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಒಂದೆರಡು ಮಾತ್ರ ಹೊಸವಾದರೆ ರಿಪೇರಿ ಇರಬಹುದು, ಅಷ್ಟಕ್ಕೇ ಮೇಜನ್ನು ದೂರಬೇಡಿ.

ದುಂಡು ಮೇಜು ನಿಜಕ್ಕೂ ಹಳೆಯದಾದರೆ ಪೂರ್ತಿ ದುಂಡಾಗಿರುವುದಿಲ್ಲ! ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಟೇಪು ಹಿಡಿದು ಎಳೆಯ ಗುಂಟ ಒಮ್ಮೆ, ಅಡ್ಡಡ್ಡ ಒಮ್ಮೆ ಅಳೆಯಿರಿ. ಅಡ್ಡಳತೆ ತುಸು ಕಡಿಮೆ ಬಂದರೆ ಸಂತೋಷಪಡಿ.

ಮರದ ಜಾತಿ ಗುರುತಿಸುವುದು ಎಲ್ಲಕ್ಕಿಂತ ರುಚಿಯಾದ ಕೆಲಸ. ಬೀಟೆ ಕೈಗೆ ಭಾರ, ಕಂದು ನೇರಳೆ ಮೈಯಲ್ಲಿ ಕಪ್ಪು ಗೆರೆಗಳು, ಅಡಿಯಲ್ಲಿ ಸ್ವಲ್ಪ ಉಜ್ಜಿದರೆ ಸಿಹಿ ಪರಿಮಳ. ಸಾಗುವಾನಿ ಅದಕ್ಕಿಂತ ಹಗುರ, ಮುಟ್ಟಿದರೆ ಎಣ್ಣೆಯ ನುಣುಪು, ವಾಸನೆ ಹದ ಮಾಡಿದ ಚರ್ಮದಂತೆ. ಹಲಸು ಕಡಿದಾಗ ಅರಿಶಿನ ಬಣ್ಣ, ವರ್ಷಗಳು ಕಳೆದಂತೆ ಕೆಂಪು ಕಂದು. ಅಡಿಯಲ್ಲಿ ಉಗುರಗಲ ಕೆರೆದರೆ ಹಳದಿ ಇಣುಕುತ್ತದೆ. ಹೊನ್ನೆಯ ಪಾಲಿಶ್ ಇಲ್ಲದ ಜಾಗಕ್ಕೆ ಒದ್ದೆ ಬಿಳಿ ಬಟ್ಟೆ ಒತ್ತಿ ಹಿಡಿದರೆ ಬಟ್ಟೆಗೆ ಹಳದಿ ಬಣ್ಣ ಹತ್ತುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಲೋಟ ಮಾಡಿ ಮಾರುವುದು ಇದೇ ಮರದಿಂದ. ಮೋಸ ಹೋಗುವುದು ಮತ್ತಿಯಲ್ಲಿ. ಅದಕ್ಕೂ ಕಡುಗಂದು ಮೈ, ಕಪ್ಪು ಗೆರೆ. ಪಾಲಿಶ್ ಬಿದ್ದ ಮೇಲೆ ಬೀಟೆಯೆಂದು ನಂಬಿಬಿಡುವುದು ಸುಲಭ. ಉಜ್ಜಿದಾಗ ಪರಿಮಳ ಬರದಿದ್ದರೆ ಬೀಟೆಯ ಬೆಲೆ ಕೊಡಬೇಡಿ. ತೋಟದ ನೆರಳಿಗೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಮರದ ಹಲಗೆಯಲ್ಲಿ ಕಸೂತಿ ಹಾಕಿದಂತೆ ಹೊಳೆಯುವ ಚುಕ್ಕಿಗಳಿರುತ್ತವೆ. ಚಂದವೇನೋ ಹೌದು, ಆದರೆ ಅದನ್ನು ಸಾಗುವಾನಿಯ ಜೊತೆ ತೂಗಲಾಗದು.

ಮೇಲಿನ ಹಲಗೆ ಒಂದೇ ತುಂಡೋ, ಜೋಡಿಸಿದ್ದೋ? ಎರಡೂವರೆ, ಮೂರು ಅಡಿ ಅಗಲದ ಜೋಡಣೆಯಿಲ್ಲದ ಬೀಟೆ ಹಲಗೆ ಎಂದರೆ ಶತಮಾನಗಳ ಕಾಲ ಬೆಳೆದ ಮರ. ಮರಗಳು ಯಾವ ಗಾತ್ರಕ್ಕೆ ಬೆಳೆಯುತ್ತಿದ್ದವು ಎಂದು ತಿಳಿಯಬೇಕಾದರೆ ಭದ್ರಾ ಅಭಯಾರಣ್ಯದ ‘ಜಾಗರ ಜೈಂಟ್’ ಎಂಬ ಸಾಗುವಾನಿ ಮರವನ್ನು ನೋಡಿ ಬನ್ನಿ. ಬೀಟೆ ಇಂದು ಅಳಿವಿನ ಅಪಾಯ ಎದುರಿಸುತ್ತಿರುವ ಮರಗಳ ಪಟ್ಟಿಯಲ್ಲಿದೆ. ಸ್ವಂತ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅಂಥ ಹಲಗೆ ಇನ್ನು ಹುಟ್ಟುವುದಿಲ್ಲ. ಅದನ್ನು ಗುಜರಿಗೆ ಹಾಕಿ ಪುಡಿಮರದ ಡೈನಿಂಗ್ ಸೆಟ್ ತರುವ ಮನೆಗಳನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯಲ್ಲೇ ಇರಬಹುದು, ಸನ್‌ಮೈಕಾದ ಕೆಳಗೆ! ಒರೆಸಲು ಸುಲಭವೆಂದು ಹಳೆಯ ಮೇಜುಗಳ ಮೇಲೆ ಅದನ್ನು ಅಂಟಿಸುವ ಕಾಲವೊಂದಿತ್ತು. ಅಂಚು ಎದ್ದಿರುವ ಕಡೆ ಇಣುಕಿ ನೋಡಿ. ಕೀಳುವ ಕೆಲಸವನ್ನು ಮಾತ್ರ ಆಚಾರಿಗೆ ಬಿಡಿ.

ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದ ಮೇಜಿಗೆ ನಾಲ್ಕೂ ಕಾಲಲ್ಲಿ ಒಂದೇ ಎತ್ತರಕ್ಕೆ ಕಪ್ಪು ಕಲೆ ಇರುತ್ತದೆ. ನಕಲಿ ಮಾಡುವವರಿಗೆ ಇದು ಹೊಳೆಯುವುದು ಅಪರೂಪ. ಕೊಳೆತ ತುದಿ ಕತ್ತರಿಸಿದ್ದಾರೋ ಎಂದೂ ಅಳೆಯಿರಿ. ಊಟದ ಮೇಜಿನ ಸಾಮಾನ್ಯ ಎತ್ತರ 30 ಅಂಗುಲದ ಹತ್ತಿರ.

ಸೋಫಾದ ಮುಂದಿಡುವ, 16ರಿಂದ 18 ಅಂಗುಲ ಎತ್ತರದ ಕಾಫಿ ಟೇಬಲ್ 20ನೇ ಶತಮಾನದ್ದು. ‘ವಿಕ್ಟೋರಿಯನ್ ಕಾಫಿ ಟೇಬಲ್’ ಎಂದು ತೋರಿಸಿದರೆ ಅದು ಕಾಲು ಕುಯ್ದ ದೊಡ್ಡ ಮೇಜಾಗಿರುವ ಸಾಧ್ಯತೆಯೇ ಹೆಚ್ಚು. ಚಿಕ್ಕಮಗಳೂರಿನಲ್ಲಿ ಸಿಗುವ, ಕಿತ್ತ ಕಾಫಿ ಗಿಡದ ಬೊಡ್ಡೆಯನ್ನು ಬೇರು ಸಮೇತ ತೊಳೆದು ಗಾಜು ಕೂರಿಸಿದ ಟೀಪಾಯಿ ಬೇರೆಯೇ ವಸ್ತು. ಅದು ಹಳೆಯದಲ್ಲ, ಹಳೆಯದೆಂದು ಹೇಳಿಕೊಳ್ಳಬೇಕಾದ ಅಗತ್ಯವೂ ಅದಕ್ಕಿಲ್ಲ. ಬೊಡ್ಡೆಯಲ್ಲಿ ಪುಡಿ ಗಟ್ಟಿಯಾಗಿ ತುಂಬಿದ ಸುರಂಗ ಕಂಡರೆ, ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕ ಅಲ್ಲಿ ಓಡಾಡಿದೆ ಎಂದರ್ಥ.

ಮೇಜಿನ ಮೈಮೇಲೆ ಸಣ್ಣ ದುಂಡು ತೂತುಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ತಟ್ಟಿ. ಹೊಸ ಪುಡಿ ಉದುರಿದರೆ ಕುಟ್ಟೆ ಹುಳು ಇನ್ನೂ ಒಳಗಿದೆ. ಅಂಥದ್ದನ್ನು ಮನೆಯ ಉಳಿದ ಮರದ ಸಾಮಾನಿನ ಬಳಿ ತರಬೇಡಿ.

ಬಿಸಿ ಕಾಫಿ ಲೋಟದ ಬಿಳಿ ಉಂಗುರ ಮೂಡಿದೆಯೇ? ಒಳ್ಳೆಯ ಲಕ್ಷಣ. ಅರಗಿನಿಂದ ಮಾಡುವ ಹಳೆಯ ಫ್ರೆಂಚ್ ಪಾಲಿಶ್ ಬಿಸಿಗೆ, ತೇವಕ್ಕೆ ಬೇಗ ಬಿಳಿಚುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅಂಟಂಟಾದರೆ ಅರಗು, ಏನೂ ಆಗದಿದ್ದರೆ ಈಚಿನ ವಾರ್ನಿಷ್.

ದಂತದ ಕೆತ್ತನೆ ಕೂರಿಸಿದ ಮೇಜು, ಕಡವೆ ಕೊಂಬಿನ ಕಾಲಿನ ಟೀಪಾಯಿ, ಆನೆ ಪಾದದ ಪೀಠ: ಶಿಕಾರಿ ಕಾಲದ ಇವನ್ನು ಎಷ್ಟೇ ಹಳೆಯವಾದರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಅಡ್ಡ ಬರುತ್ತವೆ. ಚೌಕಾಸಿಗೂ ನಿಲ್ಲಬೇಡಿ.

ನೂರು ವರ್ಷ ದಾಟಿದ ಕಲೆ, ಕುಶಲಕೆಲಸದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜನ ಬೀಟೆ ಮೇಜು ಕಳಿಸಬೇಕೆಂದರೆ, ನೂರು ತುಂಬದಿದ್ದರೂ ಇನ್ನೊಂದು ತಡೆಯಿದೆ. 2017ರ ಜನವರಿ 2ರಿಂದ ಬೀಟೆ ಜಾತಿಯ ಮರಗಳೆಲ್ಲ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬಂದಿವೆ. ಒಂದು ವಸ್ತುವಿನಲ್ಲಿ 10 ಕಿಲೋ ಮೀರಿದ ಬೀಟೆ ಇದ್ದರೆ ಪರವಾನಗಿಯ ಕಾಗದ ಬೇಕು. ಊಟದ ಮೇಜೊಂದು ಅದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ.

ಕಣ್ಣು ಪಳಗಿಸಿಕೊಳ್ಳಲು ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅಲ್ಲಿದೆ. ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಒಂದು ದಿನದ ಓಡಾಟ. ಕೊಳ್ಳಲು ಬೆಂಗಳೂರಿನ ಶಿವಾಜಿನಗರ, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ ಹೆಸರಾದ ಜಾಗಗಳು. ಎಲ್ಲಿ ಕೊಂಡರೂ ಯಾವ ಮರ, ಎಷ್ಟು ಹಳೆಯದು, ಯಾವ ಭಾಗ ಬದಲಾಗಿದೆ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬೆಲೆಯೂ ಹಿಂಜರಿಯಲಿ.

ಮಲೆನಾಡಿನ ಮಳೆ ಕುಡಿದ ಮೇಜನ್ನು ನೇರವಾಗಿ ನಗರದ ಎಸಿ ಕೋಣೆಗೆ ಒಯ್ದರೆ ತೇವ ಬೇಗ ಆರಿ ಹಲಗೆ ಸೀಳುತ್ತದೆ. ಮೊದಲ ಕೆಲವು ವಾರ ಗಾಳಿಯಾಡುವ, ಬಿಸಿಲು ಬೀಳದ ಕೋಣೆಯಲ್ಲಿಡಿ. ಲಾರಿಗೆ ಏರಿಸುವಾಗ ಮೇಲಿನ ಹಲಗೆ ಹಿಡಿದು ಎತ್ತಿಸಬೇಡಿ, ಹಳೆಯ ಅಂಟು ಬಿಟ್ಟು ಹಲಗೆ ಕೈಗೆ ಬರುತ್ತದೆ. ಕಾಲುಗಳನ್ನು ಸೇರಿಸುವ ಅಡಿಯ ಪಟ್ಟಿಗೆ ಕೈ ಕೊಟ್ಟು ಎತ್ತಬೇಕು, ಡ್ರಾಯರುಗಳನ್ನು ಮೊದಲೇ ಹೊರತೆಗೆದು.