ಚದುರಂಗ ಯಂತ್ರದ ಬಲವೂ ಆಲೋಚನೆಯ ಕಾಲವೂ

ಚದುರಂಗವನ್ನು ಕಂಡುಹಿಡಿದವನು ರಾಜನಲ್ಲಿ ಬೇಡಿದ ಬಹುಮಾನದ ಕಥೆಯನ್ನು ವಾಚಕರು ಬಾಲ್ಯದಲ್ಲಿಯೇ ಕೇಳಿರುವರು. ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಸುತ್ತ ಹೋದರೆ 64 ಮನೆಗಳು ತುಂಬುವ ಮೊದಲೇ ಅರಸನ ಕಣಜವು ಬರಿದಾಯಿತು. ಚದುರಂಗವಾಡುವ ಕಂಪ್ಯೂಟರಿನ ಬಲಾಬಲವನ್ನು ಅರಿಯುವುದಕ್ಕೂ ಈ ಕಾಳಿನ ಲೆಕ್ಕವೇ ಕೀಲಿಕೈ.

ಈ ವಿಚಾರಕ್ಕೆ ನನ್ನನ್ನು ಎಳೆದವನು ನನ್ನ ಮೊಮ್ಮಗ. "ತಾತ, ಇದಕ್ಕಿಂತ ವೇಗದ ಕಂಪ್ಯೂಟರನ್ನು ಕೊಂಡರೆ ಅದು ಇನ್ನೂ ಚೆನ್ನಾಗಿ ಆಡುವುದಲ್ಲವೇ?" ಎಂದು ಅವನು ಕೇಳಿದನು. ಅದರ ಬೆಲೆಯೋ ನನ್ನ ಎರಡು ತಿಂಗಳ ವಿಶ್ರಾಂತಿವೇತನ! ಆದುದರಿಂದ ಉತ್ತರ ಕೊಡುವುದಕ್ಕೆ ಮುನ್ನ ವಿಷಯವನ್ನು ಶೋಧಿಸಿದೆನು.

ಆಟದ ನಡುವೆ ಒಬ್ಬನಿಗೆ ಸಾಮಾನ್ಯವಾಗಿ ಸುಮಾರು 30 ನಡೆಗಳು ಸಾಧ್ಯ. ಪ್ರತಿಯೊಂದಕ್ಕೂ ಎದುರಾಳಿಗೆ ಮತ್ತೆ 30 ಉತ್ತರಗಳು. ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ ಸಾಧ್ಯತೆಗಳು ಎಂಟು ಲಕ್ಷವನ್ನು ಮೀರುವುವು. ಕೆಟ್ಟದೆಂದು ಒಮ್ಮೆ ಸಿದ್ಧವಾದ ನಡೆಯನ್ನು ಮುಂದೆ ಪರೀಕ್ಷಿಸದೆ ಬಿಡುವ ಉಪಾಯವೊಂದುಂಟು. ಅದರಿಂದ ಶ್ರಮವು ಬಹಳ ತಗ್ಗುವುದು. ಆದರೂ ಹಿಂದಿನ ಕಾಲದ ಯಂತ್ರಗಳಿಗೆ ಒಂದೇ ಒಂದು ಹೆಜ್ಜೆ ಹೆಚ್ಚು ಆಳಕ್ಕೆ ನೋಡಬೇಕಾದರೆ ಐದಾರು ಪಾಲು ಕಾಲ ಬೇಕಾಗುತ್ತಿತ್ತು. ಕಾಲವನ್ನು ಐದಾರು ಪಾಲು ಕೊಡುವುದೂ ಒಂದೇ, ಯಂತ್ರದ ವೇಗವನ್ನು ಐದಾರು ಪಾಲು ಹೆಚ್ಚಿಸುವುದೂ ಒಂದೇ.

ಆ ಒಂದು ಹೆಜ್ಜೆಯ ಬೆಲೆ ಎಷ್ಟು? ಅಮೆರಿಕೆಯ ಕೆನ್ ಥಾಂಪ್ಸನ್ ಎಂಬ ವಿದ್ವಾಂಸರು ಇದನ್ನು ಅಳೆದು ನೋಡಿದರು. ಬೆಲ್ ಎಂಬ ತಮ್ಮ ಯಂತ್ರದ ಬೇರೆಬೇರೆ ಆಳದ ರೂಪಗಳನ್ನು ಪರಸ್ಪರ ಆಡಿಸಿ, 1982ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ಹೆಜ್ಜೆ ಆಳಕ್ಕೆ ನೋಡಿದುದು ಸುಮಾರು 200 ಶ್ರೇಯಾಂಕಗಳಷ್ಟು ಬಲವಾಗಿ ನಿಂತಿತು. ಎಂದರೆ ನೂರಕ್ಕೆ ಎಪ್ಪತ್ತೈದರಷ್ಟು ಅಂಕಗಳನ್ನು ಅದೇ ಗಳಿಸಬಲ್ಲುದು. ಆದರೆ ಆಳವು ಹೆಚ್ಚುತ್ತ ಹೋದಂತೆ ಪ್ರತಿ ಹೊಸ ಹೆಜ್ಜೆಯ ಲಾಭವು ಕುಗ್ಗುವುದೂ ಮುಂದಿನ ಪರೀಕ್ಷೆಗಳಲ್ಲಿ ಕಂಡಿತು.

ಬಲದ ಪರಾಕಾಷ್ಠೆಯನ್ನು ಲೋಕವು 1997ರಲ್ಲಿ ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರವು ವಿಶ್ವವಿಜೇತ ಗ್ಯಾರಿ ಕಾಸ್ಪರೋವರನ್ನು 3½–2½ ಅಂಕಗಳಿಂದ ಸೋಲಿಸಿತು. ಅದರೊಳಗೆ ಚದುರಂಗಕ್ಕೆಂದೇ ರಚಿಸಿದ 480 ಚಿಪ್‌ಗಳಿದ್ದುವು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಅದು ನೋಡುತ್ತಿತ್ತು. ಒಂದು ನಡೆಗೆ ಮೂರು ನಿಮಿಷವೆಂದರೆ 3,600 ಕೋಟಿ ಸ್ಥಿತಿಗಳು!

ಹಾಗಾದರೆ ವೇಗವೇ ಸರ್ವಸ್ವವೇ? ಅಲ್ಲವೆಂಬುದಕ್ಕೆ 2009ರ ಒಂದು ಸಂಗತಿ ಸಾಕ್ಷಿ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಪಂದ್ಯಾವಳಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ 4 ಎಂಬ ಕ್ರಮವಿಧಿಯು ಸಾಧಾರಣ ಮೊಬೈಲಿನಲ್ಲಿ ಕುಳಿತು 10 ಆಟಗಳಲ್ಲಿ 9½ ಅಂಕಗಳನ್ನು ಗಳಿಸಿತು. ಅದು ನೋಡುತ್ತಿದ್ದುದು ಸೆಕೆಂಡಿಗೆ 20,000ಕ್ಕಿಂತಲೂ ಕಡಮೆ ಸ್ಥಿತಿಗಳನ್ನು; ಡೀಪ್ ಬ್ಲೂವಿನ ಹತ್ತು ಸಾವಿರದಲ್ಲೊಂದು ಪಾಲು! ಯಾವ ನಡೆಯನ್ನು ಬಿಡಬೇಕು, ಯಾವುದನ್ನು ಆಳವಾಗಿ ನೋಡಬೇಕೆಂಬ ವಿವೇಕವು ಹನ್ನೆರಡು ವರ್ಷಗಳಲ್ಲಿ ಅಷ್ಟು ಬೆಳೆದಿದ್ದಿತು. ವಿವೇಕವಿಲ್ಲದ ಬಲಕ್ಕೆ ಕಣಜವೂ ಸಾಲದು. ವಿವೇಕವಿದ್ದಲ್ಲಿ ಒಂದು ಹಿಡಿಯಿಂದಲೂ ಅಡುಗೆ ನಡೆಯುವುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿದೆವು. ಮೊಮ್ಮಗನ ಹಳೆಯ ಮೊಬೈಲಿಗೆ ನಡೆಗೆ ಒಂದೇ ಸೆಕೆಂಡನ್ನು ಕೊಟ್ಟು, ನಾನು ಬೇಕಾದಷ್ಟು ಹೊತ್ತು ಯೋಚಿಸಿ ಆಡಿದೆನು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ನನ್ನ ರಾಜನು ಸೆರೆಯಾಗಿದ್ದನು. ಒಂದು ಸೆಕೆಂಡಿಗೇ ನಮ್ಮನ್ನು ಸೋಲಿಸುವ ಯಂತ್ರವನ್ನು ಇನ್ನಷ್ಟು ಬಲಿಷ್ಠವಾಗಿಸಿ ಗೃಹಸ್ಥನಿಗೆ ಆಗಬೇಕಾದುದೇನು?

ಹೊಸ ಕಂಪ್ಯೂಟರು ಬೇಡವೆಂದು ಹೇಳಿದೆನು. ಹುಡುಗನ ಮುಖ ಬಾಡಿತು, ನನಗೂ ಸಂಕಟವಾಯಿತು. ಆದರೆ ಆ ರಾತ್ರಿ ಇಬ್ಬರೂ ಮರದ ಹಲಗೆಯ ಮುಂದೆ ಕುಳಿತು, ನಾನು ಸೋತ ಆಟವನ್ನು ಮೊದಲಿನಿಂದ ಜೋಡಿಸಿದೆವು. ಹದಿನಾಲ್ಕನೆಯ ನಡೆಯಲ್ಲಿ ನಾನು ಕುದುರೆಯನ್ನು ಅವಸರದಿಂದ ಮುಂದಿಟ್ಟುದೇ ತಪ್ಪೆಂದು ಅವನೇ ತೋರಿಸಿದನು. ಅದನ್ನು ಕಂಡುಹಿಡಿಯಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ.